ಮಕ್ಕಳಿಗೆ ರಾಜ್ಯಾಡಳಿತ, ನ್ಯಾಯಾಲಯಗಳ ಬೋಧನೆ
(ಉಪನ್ಯಾಸದ ಸಾರ)



ಆರು, ಏಳು, ಎಂಟನೆಯ ತರಗತಿಗಳ ಮಕ್ಕಳಿಗೆ ರಾಜ್ಯ ಸರಕಾರವನ್ನೂ ನ್ಯಾಯಾಲಯಗಳನ್ನೂ ಕುರಿತು ಪಾಠ ಹೇಳುವುದು ಸುಲಭವೆಂದು ಅನೇಕರು ಬಗೆದಿರುವರು. ವಿಧಾನಸಭೆಯ ಸದಸ್ಯರು 224, ವಿಧಾನಪರಿಷತ್ತಿನವರು 75, ರಾಜ್ಯಪಾಲರನ್ನು ನೇಮಿಸತಕ್ಕವರು ರಾಷ್ಟ್ರಪತಿಗಳು. ಇಷ್ಟನ್ನು ಮಗುವು ಬಾಯಿಪಾಠ ಮಾಡಿ ಒಪ್ಪಿಸಿತೆಂದರೆ ಪಾಠವು ಮುಗಿದಂತೆಯೇ. ಪರೀಕ್ಷೆಯು ಕಳೆದೊಡನೆ ಆ ಸಂಖ್ಯೆಗಳು ಮರೆತುಹೋಗುವುವು. ಅದರಿಂದ ದೊಡ್ಡ ನಷ್ಟವೇನೂ ಇಲ್ಲ. ಆದರೆ ಸರಕಾರವೆಂದರೆ ಕೊಡತಕ್ಕವರು, ಪ್ರಜೆಗಳೆಂದರೆ ಕೈಯೊಡ್ಡತಕ್ಕವರು ಎಂಬ ಹಳೆಯ ಭಾವನೆಯು ಅಷ್ಟೆಲ್ಲ ಓದಿದ ಮೇಲೆಯೂ ಮಗುವಿನ ಮನಸ್ಸಿನಲ್ಲಿ ಕದಲದೆ ಉಳಿದುಬಿಡುವುದು. ಇದು ಶೋಚನೀಯವಾದುದು.

ಇದನ್ನು ತಿದ್ದಲು ಉಪಾಧ್ಯಾಯರು ದೂರ ಹೋಗಬೇಕಾದುದಿಲ್ಲ. ಮಧ್ಯಾಹ್ನ ಮಕ್ಕಳ ಮುಂದಿರುವ ಊಟದ ತಟ್ಟೆಯೇ ಸಾಕು. ಈ ಅನ್ನವನ್ನು ಕೊಟ್ಟವರಾರು ಎಂದು ಕೇಳಿದರೆ ಕೆಲವರು ಮುಖ್ಯಮಂತ್ರಿಗಳೆನ್ನುವರು, ಕೆಲವರು ಅಡುಗೆಯಮ್ಮನೆನ್ನುವರು. ಎರಡನೆಯ ಉತ್ತರವೇ ಸತ್ಯಕ್ಕೆ ಹೆಚ್ಚು ಸಮೀಪವಾದುದು! 2001ರಲ್ಲಿ ಸರಕಾರದ ಉಗ್ರಾಣಗಳಲ್ಲಿ ಧಾನ್ಯವು ರಾಶಿ ಬಿದ್ದಿರಲು ದೇಶದಲ್ಲಿ ಜನರು ಹಸಿದಿರುವರೆಂದು ಪೌರಸ್ವಾತಂತ್ರ್ಯದ ಸಂಘವೊಂದು ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿಯನ್ನು ಸಲ್ಲಿಸಿತು. ಅದಕ್ಕೆ ಮೊದಲು ಅನೇಕ ರಾಜ್ಯಗಳಲ್ಲಿ ಶಾಲೆಯ ಮಕ್ಕಳಿಗೆ ತಿಂಗಳಿಗೆ 3 ಕಿಲೋ ಧಾನ್ಯವು ಮಾತ್ರ ಸಲ್ಲುತ್ತಿದ್ದಿತು. ಸರಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಬಡಿಸತಕ್ಕದ್ದೆಂದು ನ್ಯಾಯಾಲಯವು ಆ ವರ್ಷದ ನವೆಂಬರ್ 28ರಂದು ಆಜ್ಞಾಪಿಸಿತು. ಕರ್ನಾಟಕದಲ್ಲಿ 2002ರಲ್ಲಿ ಈಶಾನ್ಯ ಜಿಲ್ಲೆಗಳಿಂದ ಈ ಕಾರ್ಯವು ಆರಂಭವಾಯಿತು. ಅದಕ್ಕೆ ಇಟ್ಟ ಹೆಸರು ಅಕ್ಷರ ದಾಸೋಹ. ಆ ಹೆಸರು ಎಲ್ಲಿಂದ ಬಂದಿತೆಂಬುದನ್ನು ಈ ಸಭೆಗೆ ವಿವರಿಸಬೇಕಾಗಿಲ್ಲ.

ಇನ್ನು ಉಪಾಧ್ಯಾಯರು ಒಂದೊಂದನ್ನೇ ಬಿಡಿಸಿ ಕೇಳಬಹುದು. ನ್ಯಾಯಾಲಯದಲ್ಲಿ ಒಲೆಯುಂಟೇ? ಇಲ್ಲ, ಅದು ಆಜ್ಞೆ ಮಾಡಬಲ್ಲುದು, ಅಕ್ಕಿ ಕೊಳ್ಳಲಾರದು. ರಾಜ್ಯದ ಬೊಕ್ಕಸದಿಂದ ಹಣವು ಹೊರಡಬೇಕಾದರೆ ವಿಧಾನಸಭೆಯು ಆಯವ್ಯಯಕ್ಕೆ ಒಪ್ಪಿಗೆ ಕೊಡಬೇಕು. ಆ ಹಣವು ಅನ್ನವಾಗಬೇಕಾದರೆ ಮಂತ್ರಿಗಳಿಂದ ಹಿಡಿದು ಲೆಕ್ಕ ಬರೆಯುವ ಮುಖ್ಯೋಪಾಧ್ಯಾಯರವರೆಗೆ ಎಲ್ಲರೂ ದುಡಿಯಬೇಕು. 2013ರ ಆಹಾರ ಭದ್ರತಾ ಶಾಸನದಿಂದ ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ಈ ಊಟವು ಹಕ್ಕೇ ಆಯಿತು. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಎಂಬ ಗಡುಸಾದ ಶಬ್ದಗಳನ್ನು ಇಷ್ಟಾದ ಮೇಲೆ ಹೇಳಿದರೆ ಮಗುವು ಅಂಜುವುದಿಲ್ಲ.

ಎಂಟನೆಯ ತರಗತಿಯವರಿಗೆ ಮತ್ತೊಂದು ಪ್ರಸಂಗವು ತಕ್ಕುದಾಗಿರುವುದು. 1989ರ ಏಪ್ರಿಲ್ ತಿಂಗಳಲ್ಲಿ ಮುಖ್ಯಮಂತ್ರಿ ಎಸ್. ಆರ್. ಬೊಮ್ಮಾಯಿಯವರಿಗೆ ಬಹುಮತವಿಲ್ಲವೆಂದು ರಾಜ್ಯಪಾಲರು ವರದಿ ಮಾಡಿದರು. ಬಲವನ್ನು ವಿಧಾನಸಭೆಯಲ್ಲಿಯೇ ಪರೀಕ್ಷಿಸಬಹುದೆಂದು ಬೊಮ್ಮಾಯಿಯವರು ಹೇಳಿದುದು ಫಲಿಸದೆ, 21ರಂದು ರಾಷ್ಟ್ರಪತಿಗಳ ಆಳ್ವಿಕೆಯು ಬಂದಿತು. ರಾಜ್ಯದ ಉಚ್ಚ ನ್ಯಾಯಾಲಯವು ಅವರ ಅರ್ಜಿಯನ್ನು ತಳ್ಳಿಹಾಕಿತು. 1994ರ ಮಾರ್ಚ್ 11ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಮೂರ್ತಿಗಳ ಪೀಠವು ತೀರ್ಪಿತ್ತಿತು: ಸರಕಾರದ ಬಲಾಬಲವು ಗೊತ್ತಾಗಬೇಕಾದುದು ಸದನದಲ್ಲಿ, ರಾಜ್ಯಪಾಲರ ಸ್ವಂತ ಅಭಿಪ್ರಾಯವು ಅದಕ್ಕೆ ಸಾಲದು. ಕರ್ನಾಟಕದ ಆ ಘೋಷಣೆಯು ಸಂವಿಧಾನಕ್ಕೆ ವಿರುದ್ಧವೆನಿಸಿತು.

ಆದರೆ ಅಷ್ಟರಲ್ಲಿ ಸುಮಾರು ಐದು ವರ್ಷಗಳು ಕಳೆದಿದ್ದುವು. 1989ರಲ್ಲಿಯೇ ಚುನಾವಣೆಯಾಗಿ ಬೇರೆ ಪಕ್ಷವು ಅಧಿಕಾರಕ್ಕೆ ಬಂದಿದ್ದಿತು. ಬೊಮ್ಮಾಯಿಯವರಿಗೆ ಪದವಿಯು ಮರಳಿ ದೊರೆಯಲಿಲ್ಲ. ಉಪಾಧ್ಯಾಯರು ಇದನ್ನು ಮಕ್ಕಳಿಂದ ಮರೆಸಬಾರದು. ನ್ಯಾಯಾಲಯವು ಎಲ್ಲವನ್ನೂ ಒಡನೆಯೇ ಸರಿಪಡಿಸುವುದೆಂದು ಕಲಿತ ಮಗುವು ಮುಂದೆ ಮೊದಲ ವಾಯಿದೆಯಲ್ಲಿಯೇ ಎದೆಗೆಡುವುದು. ಈ ಪ್ರಸಂಗದಲ್ಲಿ ಯಾವ ಪಕ್ಷದ ಹೊಗಳಿಕೆ ತೆಗಳಿಕೆಯೂ ಸಲ್ಲದು. ಮಕ್ಕಳು ಅದನ್ನು ಮನೆಯಲ್ಲಿ ಬೇಕಾದಷ್ಟು ಕೇಳಿರುವರು.

ಹಾಗಾದರೆ ಗೆದ್ದು ಬಂದ ಭಾಗ್ಯವೇನು ಎಂದು ಚುರುಕಾದ ಮಗುವೊಂದು ಕೇಳದೆ ಇರಲಾರದು. ಅದಕ್ಕೆ 2018ರ ಮೇ ತಿಂಗಳನ್ನು ತೋರಿಸಬೇಕು. ಆಗ ಹೊಸ ಮುಖ್ಯಮಂತ್ರಿಗಳಿಗೆ ಬಹುಮತವನ್ನು ತೋರಿಸಲು ರಾಜ್ಯಪಾಲರು 15 ದಿನಗಳ ಅವಕಾಶವನ್ನು ಕೊಟ್ಟಿದ್ದರು. ಮರುದಿನವೇ ಸದನದಲ್ಲಿ ಬಲಪರೀಕ್ಷೆಯಾಗತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 18ರಂದು ಆಜ್ಞೆ ಮಾಡಿತು. 19ರ ಮಧ್ಯಾಹ್ನ ವಿಧಾನಸಭೆಯು ಸೇರಿತು. ಮತಕ್ಕೆ ಹಾಕುವ ಮೊದಲೇ ಮುಖ್ಯಮಂತ್ರಿಗಳು ರಾಜೀನಾಮೆಯನ್ನು ಪ್ರಕಟಿಸಿದರು.