ಹಳೆಯ ಗಾಡಿ, ದುಡಿದ ಕೈ

(ವಿಠ್ಠಲವಾಡಿಯಲ್ಲಿ ನಡೆದ ರವಿವಾರದ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ಭಾಷಣ ಹಳೆಯ ಮೋಟಾರು ಗಾಡಿಯನ್ನು ಮನೆಯಲ್ಲೇ ರಿಪೇರಿ ಮಾಡುವುದರ ಬಗ್ಗೆ ಎಂದು ಫಲಕದಲ್ಲಿ ಬರೆದಾಗ ಕೆಲವರು ನಕ್ಕರು. "ಲೋಕಲ್ ಪಾಸಿಗೆ ದುಡ್ಡು ಹೊಂದಿಸುವವರಿಗೆ ಮೋಟಾರಿನ ಮಾತೇಕೆ?" ಎಂದು ಕೇಳಿದರು. ಕೇಳಿದ್ದರಲ್ಲಿ ತಪ್ಪಿಲ್ಲ. ನಡೆದದ್ದನ್ನು ಹೇಳುತ್ತೇವೆ. ಆಮೇಲೆ ನೀವೇ ತೀರ್ಮಾನಿಸಿ.

ನಮ್ಮಲ್ಲಿ ಹಿರಿಯರೊಬ್ಬರಿದ್ದಾರೆ. ನಾವೆಲ್ಲ ಅವರನ್ನು ಅಣ್ಣ ಎನ್ನುತ್ತೇವೆ. 1978ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಊರು ಬಿಟ್ಟು ಮುಂಬಯಿಗೆ ಬಂದು ಹೋಟೆಲಿನಲ್ಲಿ ಕಪ್ಪುಬಸಿ ತೊಳೆಯಲು ನಿಂತವರು. ಮೇಜು ಒರೆಸಿದರು, ಸಪ್ಲೈ ಮಾಡಿದರು, ಕೊನೆಗೆ ದೋಸೆಯ ಕಾವಲಿಯ ಮುಂದೆ ನಿಂತರು. 1986ರಲ್ಲಿ ಧಣಿಗಳು ಒಂದು ಪ್ರೀಮಿಯರ್ ಪದ್ಮಿನಿ ಕೊಂಡರು. ಅದನ್ನು ಬೆಳಗ್ಗೆ ತೊಳೆದು ಒರೆಸುವ ಕೆಲಸ ಅಣ್ಣನ ಪಾಲಿಗೆ ಬಂತು. ವರ್ಷಾನುಗಟ್ಟಲೆ ತೊಳೆದರು. ಆದರೆ ಒಂದು ದಿನವೂ ಅದರಲ್ಲಿ ಕೂತವರಲ್ಲ.

2020ರ ಲಾಕ್‌ಡೌನಿನಲ್ಲಿ ಗಾಡಿ ಗೋದಾಮಿನ ಹಿಂದೆ ನಿಂತದ್ದು ಅಲ್ಲೇ ನಿಂತುಬಿಟ್ಟಿತು. 2022ರಲ್ಲಿ ಅಣ್ಣ ಕೆಲಸ ಬಿಟ್ಟಾಗ ನಲವತ್ತನಾಲ್ಕು ವರ್ಷದ ಸೇವೆಯಾಗಿತ್ತು. ಧಣಿಗಳು ಬೆನ್ನು ತಟ್ಟಿ, "ನೀನೇ ತೊಳೆದ ಗಾಡಿ, ನೀನೇ ತಗೊಂಡು ಹೋಗು. ನಮ್ಮ ನಿನ್ನ ಲೆಕ್ಕ ಮುಗೀತು" ಎಂದರಂತೆ. ಅಣ್ಣ ಕೈಮುಗಿದು ಬಂದುಬಿಟ್ಟರು!

ಸಂಗತಿ ನಮ್ಮ ಕಿವಿಗೆ ಬಿದ್ದಾಗ ನಾವು ನಾಲ್ವರು ಹೋಗಿ ಧಣಿಗಳನ್ನು ಕಂಡೆವು. ಜಗಳಕ್ಕೆ ಹೋಗಲಿಲ್ಲ, ಲೆಕ್ಕ ಹಿಡಿದು ಹೋದೆವು. ಅಂದು ಜಾರಿಯಲ್ಲಿದ್ದ 1972ರ ಗ್ರಾಚ್ಯುಟಿ ಕಾಯ್ದೆಯ ಪ್ರಕಾರ ಒಂದು ವರ್ಷದ ಸೇವೆಗೆ ಹದಿನೈದು ದಿನದ ಸಂಬಳ. ತಿಂಗಳಿಗೆ ಇಪ್ಪತ್ತಾರು ದಿನವೆಂದು ಹಿಡಿದು ದಿನದ ಸಂಬಳ ತೆಗೆಯಬೇಕು. ನಲವತ್ತನಾಲ್ಕು ವರ್ಷಕ್ಕೆ ಆರುನೂರ ಅರವತ್ತು ದಿನದ ಸಂಬಳವಾಯಿತು. ಗಾಡಿಯ ತೂಕವೋ ಒಂಬೈನೂರು ಕಿಲೋದ ಆಸುಪಾಸು. ಗುಜರಿಯ ಬೆಲೆ ಎಷ್ಟಾದೀತು, ನೀವೇ ಹೇಳಿ. "ಗ್ರಾಚ್ಯುಟಿ ಬೇರೆ, ಗಾಡಿ ಬೇರೆ" ಎಂದೆವು. ಮೂರು ಸಲ ನಡೆದ ಮೇಲೆ ಹಣ ಬ್ಯಾಂಕಿಗೆ ಬಂತು. ಆಗ ಅಣ್ಣ ಮಾಡಿದ್ದೇನು ಗೊತ್ತೇ? ಗುಜರಿಯ ಬೆಲೆಯನ್ನು ಎಣಿಸಿಕೊಟ್ಟು, ರಸೀತಿ ಪಡೆದು, ಅದೇ ಗಾಡಿಯನ್ನು ಕೊಂಡರು. "ಪುಕ್ಕಟೆ ಬೇಡ. ಕೊಂಡದ್ದು ಎನ್ನಿಸಿಕೊಳ್ಳಲಿ" ಎಂದರು. ಟೆಂಪೋದಲ್ಲಿ ಹಾಕಿಸಿ ವಿಠ್ಠಲವಾಡಿಗೆ, ನಮ್ಮ ಚಾಳಿನ ಅಂಗಳಕ್ಕೆ ತಂದೆವು.

ಈ ಗಾಡಿ ಯಾರ ಕೈಯಲ್ಲಿ ಹುಟ್ಟಿದ್ದು? ವಾಲ್‌ಚಂದ್ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸ್‌ನ ಕುರ್ಲಾ ಕಾರ್ಖಾನೆಯಲ್ಲಿ. ಇಟಲಿಯ ಫಿಯೆಟ್ 1100 ಅಲ್ಲಿ 1964ರಿಂದ ಡಿಲೈಟ್ ಎಂಬ ಹೆಸರಿನಲ್ಲಿ, 1974ರಿಂದ ಪದ್ಮಿನಿ ಎಂಬ ಹೆಸರಿನಲ್ಲಿ ತಯಾರಾಯಿತು. ನಮ್ಮ ಪಕ್ಕದ ಡೊಂಬಿವಲಿಯ ಬಳಿಯೂ ಅದೇ ಕಂಪನಿಯ ಕಾರ್ಖಾನೆಯಿತ್ತು. 1990ರ ದಶಕದಲ್ಲಿ ಅಲ್ಲಿ ಪೂಜೋ ಗಾಡಿ ಜೋಡಿಸುತ್ತಿದ್ದರು. ಆ ಬಾಗಿಲುಗಳು ಮುಚ್ಚಿ ಬಹಳ ವರ್ಷವಾಯಿತು. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ ದಾಖಲಾದದ್ದು 2003ರ ಅಕ್ಟೋಬರ್ 29ರಂದು. ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಮಿತಿಯಿದ್ದುದರಿಂದ 2023ರ ಅಕ್ಟೋಬರ್ ತಿಂಗಳ ಕೊನೆಗೆ ಕಪ್ಪು-ಹಳದಿ ಪದ್ಮಿನಿಗಳ ಕಾಲ ಮುಗಿಯಿತು. ಕಾರ್ಖಾನೆ ಮುಚ್ಚಿತು, ಟ್ಯಾಕ್ಸಿ ನಿಂತಿತು. ಆದರೆ ಕಾರ್ಮಿಕರ ಕೈಗೆಲಸ ಈ ಗಾಡಿಯೊಳಗೆ ಇನ್ನೂ ಗಟ್ಟಿಯಾಗಿದೆ ಎಂಬುದನ್ನು ನಾವು ಬಿಚ್ಚಿ ನೋಡಿಯೇ ತಿಳಿದೆವು.

ನಮಗೆ ಗುರುಗಳು ಇಬ್ಬರು. ಒಬ್ಬರು ಗಿರಣಿಯಲ್ಲಿ ಫಿಟರ್ ಆಗಿದ್ದವರು. ಇನ್ನೊಬ್ಬರು ಪದ್ಮಿನಿ ಟ್ಯಾಕ್ಸಿ ಓಡಿಸಿದ ನಮ್ಮವರೇ. ಉಳಿದ ನಾವೆಲ್ಲ ರವಿವಾರದ ಶಿಷ್ಯರು.

ಬಹಳ ದಿನ ನಿಂತ ಇಂಜಿನ್ನಿಗೆ ಬ್ಯಾಟರಿ ಕಟ್ಟಿ ಕೀಲಿ ತಿರುಗಿಸಬಾರದು. ಇದು ಮೊದಲ ಪಾಠ. ನಾಲ್ಕು ಪ್ಲಗ್ಗುಗಳನ್ನು ಬಿಚ್ಚಿ, ಒಂದೊಂದು ತೂತಿಗೆ ಒಂದೊಂದು ಚಮಚ ಇಂಜಿನ್ ಎಣ್ಣೆ ಬಿಟ್ಟು, ಎರಡು ದಿನ ಕಾದೆವು. ಆಮೇಲೆ ಟಾಪ್ ಗೇರಿಗೆ ಹಾಕಿ ಗಾಡಿಯನ್ನು ಹಿಂದೆ ಮುಂದೆ ಮೆಲ್ಲನೆ ತಳ್ಳಿದೆವು. ಮೂರನೆಯ ಸಲಕ್ಕೆ ಒಳಗೆ ಏನೋ ಸಡಿಲಾಗಿ ಇಂಜಿನ್ನು ತಿರುಗಿತು. ಅವಸರ ಮಾಡಿದ್ದರೆ ಪಿಸ್ಟನ್ನಿನ ರಿಂಗು ಮುರಿಯುತ್ತಿತ್ತು.

ಎರಡನೆಯದು ಪೆಟ್ರೋಲು. ಟ್ಯಾಂಕಿನಲ್ಲಿ ಹಳೆಯ ಪೆಟ್ರೋಲು ಅಂಟಾಗಿ ನಿಂತಿತ್ತು. ಎಲ್ಲ ಹೊರತೆಗೆದು ಟ್ಯಾಂಕು ತೊಳೆಸಿ, ಕಾರ್ಬ್ಯುರೇಟರಿನ ಸಣ್ಣ ತೂತುಗಳನ್ನು ಶುಚಿ ಮಾಡಿದೆವು. ಈಗಿನ ಪೆಟ್ರೋಲಿಗೆ ನೂರಕ್ಕೆ ಇಪ್ಪತ್ತರವರೆಗೆ ಎಥನಾಲ್ ಬೆರೆಸುತ್ತಾರೆ; ಹಳೆಯ ಕಾಲದ ರಬ್ಬರಿಗೆ ಅದು ಒಗ್ಗುವುದಿಲ್ಲ. ಆದ್ದರಿಂದ ಅದನ್ನು ತಡೆಯುವ ಹೊಸ ಕೊಳವೆ ಹಾಕಿದೆವು. ಒಲೆಯ ಮುಂದೆ ದುಡಿದವರಿಗೆ ಬೆಂಕಿಯ ವಿಷಯ ಹೇಳಬೇಕಾಗಿಲ್ಲ: ಪೆಟ್ರೋಲು ಮುಟ್ಟುವ ದಿನ ಅಂಗಳದಲ್ಲಿ ಬೀಡಿಯೂ ಇಲ್ಲ, ಸ್ಟೋವೂ ಇಲ್ಲ.

ಇಂಜಿನ್ನು ಹೊತ್ತಿದರೂ ಕುಂಟುತ್ತಿತ್ತು. ನೋಡಿದರೆ ಪ್ಲಗ್ಗಿನ ಎರಡು ತಂತಿ ಅದಲುಬದಲು. ಈ ಇಂಜಿನ್ನಿನ ಸರದಿ 1-3-4-2. ಸರದಿ ತಪ್ಪಿದರೆ ನಾಲ್ವರಿದ್ದೂ ಕೆಲಸ ನಡೆಯದು. ರೇಡಿಯೇಟರಿನ ಮುಚ್ಚಳವಂತೂ ಕುಕ್ಕರಿನಂತೆಯೇ. ಬಿಸಿಯಿದ್ದಾಗ ತೆರೆದರೆ ಮುಖ ಸುಡುತ್ತದೆ.

ಈಗ ನಮ್ಮ ತಪ್ಪನ್ನೂ ಹೇಳಬೇಕು. ಚಕ್ರ ಬಿಚ್ಚಲು ಗಾಡಿಯನ್ನು ಬರೇ ಜ್ಯಾಕಿನ ಮೇಲೆ ನಿಲ್ಲಿಸಿದ್ದೆವು. ಮಳೆಗಾಲದ ನೆಲ ಮೆತ್ತಗಿತ್ತು. ನಮ್ಮ ಹುಡುಗನೊಬ್ಬ ಕೈಗೆ ಪಾನೆ ತರಲೆಂದು ಗಾಡಿಯ ಕೆಳಗಿನಿಂದ ಎದ್ದು ಹೋದ. ಜ್ಯಾಕು ವಾಲಿ ಗಾಡಿ ಕೂತಿತು. ಅವನು ಆಗ ಎದ್ದಿರದಿದ್ದರೆ ಇಂದು ನಾವು ಇಲ್ಲಿ ನಿಂತು ಮಾತಾಡುವ ಯೋಗ್ಯತೆಯವರಾಗಿರುತ್ತಿರಲಿಲ್ಲ. ಹೋಟೆಲಿನಲ್ಲಿ ರುಬ್ಬುವ ಯಂತ್ರಕ್ಕೆ ಕಾವಲು ಪಟ್ಟಿಯಿಲ್ಲವೆಂದು ಧಣಿಗಳಿಗೆ ಪತ್ರ ಬರೆಯುವವರು ನಾವು. ನಮ್ಮ ಅಂಗಳದಲ್ಲಿ ನಮ್ಮ ಹುಡುಗನ ಜೀವಕ್ಕೆ ನಾವೇ ಕಾವಲಿಡಲಿಲ್ಲ. ಅಂದು ಕೆಲಸ ನಿಲ್ಲಿಸಿ ನಿಯಮ ಮಾಡಿದೆವು: ಗಟ್ಟಿ ನೆಲ ಬೇಕು, ಚಕ್ರಕ್ಕೆ ತಡೆ ಬೇಕು, ಉಕ್ಕಿನ ಸ್ಟ್ಯಾಂಡು ಬೇಕು. ಇವಿಲ್ಲದೆ ಯಾರೂ ಕೆಳಗೆ ನುಗ್ಗಬಾರದು, ಗುರುಗಳೂ ಕೂಡ.

ಬ್ರೇಕಿನದೂ ಅಂಥದೇ ಮಾತು. ಪದ್ಮಿನಿಯ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಹಳೆಯ ಲೈನಿಂಗಿನಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರಬಹುದು. ಆ ಧೂಳನ್ನು ಬಾಯಿಂದಾಗಲಿ ಗಾಳಿಯಿಂದಾಗಲಿ ಊದಬಾರದು. ಮುಖವಾಡ ಹಾಕಿ ಒದ್ದೆ ಬಟ್ಟೆಯಿಂದ ಒರೆಸಬೇಕು. ಗಿರಣಿಯಲ್ಲಿ ಹತ್ತಿಯ ಧೂಳು ಕುಡಿದು ಕೆಮ್ಮಿದವರನ್ನು ಕಂಡ ನಮಗೆ ಇದು ತಿಳಿಯದ್ದಲ್ಲ. ಬ್ರೇಕಿನ ಎಣ್ಣೆ ನೀರು ಹೀರುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕು.

ಎಲ್ಲವೂ ಮನೆಯಲ್ಲಿ ಆಗುವುದಿಲ್ಲ. ನಮ್ಮ ಕಡೆಯ ಮಳೆ ಗಾಡಿಯ ತಳದ ತಗಡನ್ನು ತಿಂದಿತ್ತು. ಆ ಕೆಲಸಕ್ಕೆ ವೆಲ್ಡರನ್ನು ಹಿಡಿದೆವು, ಖರ್ಚಿನಲ್ಲಿ ಅದೇ ದೊಡ್ಡದು. ಬಿಡಿಭಾಗಗಳಿಗೆ ಕುರ್ಲಾದ ಸಿಎಸ್‌ಟಿ ರಸ್ತೆಯ ಅಂಗಡಿಗಳನ್ನು ಸುತ್ತಿದೆವು. ಕಾಗದಪತ್ರವೂ ಸರಿಯಿರಬೇಕು. ಖಾಸಗಿ ಗಾಡಿಯ ನೋಂದಣಿ ಹದಿನೈದು ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೆ ತಪಾಸಣೆ ಮಾಡಿಸಿ ನವೀಕರಿಸಬೇಕು. ನಮ್ಮ ಗಾಡಿಯದು 2021ರಲ್ಲಿ ಮುಗಿದಿತ್ತು. ಐವತ್ತು ವರ್ಷ ಮೀರಿದ ಗಾಡಿಗೆ 2021ರಲ್ಲಿ ಬಂದ ವಿಂಟೇಜ್ ನಿಯಮ ಬೇರೆ ಇದೆ, ನಮ್ಮದಕ್ಕೆ ಇನ್ನೂ ಆ ವಯಸ್ಸಾಗಿಲ್ಲ. ನವೀಕರಣ, ವಿಮೆ, ಹೊಗೆಯ ಪತ್ರ ಎಲ್ಲ ಆದ ಮೇಲೆಯೇ ಗಾಡಿ ರಸ್ತೆಗಿಳಿಯಿತು.

ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿ ಹಳೆಯ ಗಾಡಿಗಳು ಥಳಥಳಿಸುವುದನ್ನು ನೀವು ಊರಿಗೆ ಹೋದಾಗ ನೋಡಿರಬಹುದು. ಅಂಥ ವೈಭವ ನಮಗೆ ಬೇಡ, ಅದಕ್ಕಾಗಿ ಸಾಲವಂತೂ ಬೇಡವೇ ಬೇಡ. ಗಾಡಿ ಉಳಿಯುವುದು ವಾರಕ್ಕೊಮ್ಮೆ ಎಣ್ಣೆ, ನೀರು, ಗಾಳಿ ನೋಡುವುದರಿಂದ; ಹೊತ್ತಿಗೆ ಸರಿಯಾಗಿ ಗ್ರೀಸು ಹಾಕುವುದರಿಂದ. ಕೆಟ್ಟ ಮೇಲೆ ಓಡಾಡುವುದಕ್ಕಿಂತ ಕೆಡದಂತೆ ನೋಡುವುದು ಅಗ್ಗ.

ಮೊದಲ ಸವಾರಿಯ ದಿನ ಅಣ್ಣ ನಸುಕಿನಲ್ಲೇ ಬಾಲ್ದಿ ತುಂಬಿ ಗಾಡಿ ತೊಳೆಯಲು ನಿಂತಿದ್ದರು. "ಇಂದು ಬಿಡಿ ಅಣ್ಣ, ಹುಡುಗರು ತೊಳೆಯುತ್ತಾರೆ" ಎಂದೆವು. "ಇಷ್ಟು ವರ್ಷ ಸಂಬಳಕ್ಕೆ ತೊಳೆದೆ, ಇವತ್ತು ನನ್ನದನ್ನು ತೊಳೀತೇನೆ" ಎಂದರು. ಧಣಿಗಳು ಕೂರುತ್ತಿದ್ದ ಹಿಂದಿನ ಸೀಟಿನ ಬಾಗಿಲು ತೆರೆದೆವು. ಅವರು ಒಪ್ಪಲಿಲ್ಲ, ಡ್ರೈವರನ ಪಕ್ಕದಲ್ಲಿ ಕೂತರು. ಕಲ್ಯಾಣದವರೆಗೆ ಹೋಗಿ ಬಂದರು, ದಾರಿಯುದ್ದಕ್ಕೂ ಒಂದು ಮಾತಾಡಲಿಲ್ಲ.

ಮೋಟಾರಿನ ಮಾತೇಕೆ ಎಂದವರಿಗೆ ಇಷ್ಟೇ ಉತ್ತರ. ಅಣ್ಣ ಕೈಮುಗಿದು ಬಂದ ದಿನವೇ ಸುಮ್ಮನಿದ್ದಿದ್ದರೆ ಅವರ ಪಾಲಿಗೆ ಗ್ರಾಚ್ಯುಟಿಯೂ ಇರುತ್ತಿರಲಿಲ್ಲ, ಗಾಡಿಯೂ ಗುಜರಿಯಾಗುತ್ತಿತ್ತು. ನಿಮ್ಮ ಸೇವೆಯ ಲೆಕ್ಕವನ್ನು ಇಂದೇ ವಹಿಯಲ್ಲಿ ಬರೆದಿಡಿ. ಸೇರಿದ ದಿನ, ಪಡೆದ ಸಂಬಳ, ಎಲ್ಲವೂ ಇರಲಿ. ಬರೆಯಲು ಬಾರದವರು ನಮ್ಮಲ್ಲಿಗೆ ಬನ್ನಿ. ಪಾನೆ ಹಿಡಿಯಲು ಆಸೆಯಿದ್ದ ಹುಡುಗರೂ ರವಿವಾರ ಬರಲಿ. ಸ್ಟ್ಯಾಂಡು ಈಗ ನಾಲ್ಕಿವೆ.