ಮ್ಯೂಟ್ ಬಟನ್ ಹೇಳುವ ಸತ್ಯ

ಇವತ್ತು ರಾಜಕೀಯ ಬೇಡ. ಬ್ಯಾಸ್ಕೆಟ್‌ಬಾಲ್ ಬಗ್ಗೆ ಮಾತಾಡೋಣ. ಅದೂ ಅಮೆರಿಕದ ಕಾಲೇಜು ಹುಡುಗರ ಬ್ಯಾಸ್ಕೆಟ್‌ಬಾಲ್. ಅದು ನಮಗ್ಯಾಕೆ ಸ್ವಾಮಿ ಅಂತೀರಾ? ಸ್ವಲ್ಪ ತಾಳಿ, ಕೊನೆಗೆ ನನ್ನ ಬುಡಕ್ಕೇ ಬರುತ್ತೆ.

ನಮಗೆ ಐಪಿಎಲ್ ಹೇಗೋ ಅವರಿಗೆ ಮಾರ್ಚ್ ತಿಂಗಳ ಕಾಲೇಜು ಟೂರ್ನಿ ಹಾಗೆ. 68 ತಂಡಗಳು. ಒಂದು ಸಲ ಸೋತರೆ ಮನೆಗೆ. ನಾರ್ತ್ ಕ್ಯಾರೊಲಿನಾದ ಚಾಪೆಲ್ ಹಿಲ್ ಅನ್ನೋ ಊರಿನ ವಿಶ್ವವಿದ್ಯಾಲಯದ ತಂಡದ ಹೆಸರು ಟಾರ್ ಹೀಲ್ಸ್. ಮೈಕಲ್ ಜೋರ್ಡನ್ ಕಾಲೇಜು ದಿನಗಳಲ್ಲಿ ಆಡಿದ್ದು ಈ ತಂಡಕ್ಕೇ.

ಆ ತಂಡದ ಅಭಿಮಾನಿಗಳಿಗೆ ಒಂದು ವಿಚಿತ್ರ ಅಭ್ಯಾಸ ಇತ್ತು. ಟಿವಿ ಹಾಕೋದು, ಸೌಂಡ್ ತೆಗೆಯೋದು, ಪಕ್ಕದಲ್ಲಿ ರೇಡಿಯೋ ಹಚ್ಚೋದು. ಚಿತ್ರ ಟಿವಿಯದು, ದನಿ ರೇಡಿಯೋದ್ದು. ಆ ದನಿ ವುಡಿ ಡರ್ಹಮ್ ಎಂಬ ಮನುಷ್ಯನದು. 1971ರಿಂದ 2011ರವರೆಗೆ, 40 ವರ್ಷ.

ಕಣ್ಣೆದುರು ಆಟ ಕಾಣಿಸ್ತಿರುವಾಗ ರೇಡಿಯೋ ಯಾಕೆ? ರೇಡಿಯೋದವನು ಕೆಲಸ ತಪ್ಪಿಸಿಕೊಳ್ಳೋ ಹಾಗಿಲ್ಲ. ಚೆಂಡು ಯಾರ ಕೈಲಿದೆ, ಎಷ್ಟು ಸೆಕೆಂಡ್ ಉಳಿದಿದೆ, ಸ್ಕೋರ್ ಎಷ್ಟು, ಎಲ್ಲಾ ಹೇಳಲೇಬೇಕು. ಕಾಲೇಜು ಆಟದಲ್ಲಿ ಐದನೇ ಫೌಲ್‌ಗೆ ಆಟಗಾರ ಹೊರಗೆ. ನಾಲ್ಕಾಗಿರೋ ಹುಡುಗ ಯಾರು ಅನ್ನೋದು ಆ ಹೊತ್ತಿನ ದೊಡ್ಡ ಸುದ್ದಿ. ಟಿವಿಯವರಿಗೆ ಚಿತ್ರದ ಆಸರೆ ಇದೆ. ಹಾಗಾಗಿ ಆಟ ಬಿಟ್ಟು ಊರಮೇಲಿನ ಮಾತು ಶುರುವಾಗುತ್ತೆ.

ಗಟ್ಟಿಯಾಗಿ ಮಾತಾಡೋದೇ ತಪ್ಪು ಅಂತ ನಾನು ಹೇಳಲ್ಲ. ಡಿಕ್ ವಿಟಾಲೆ 1979ರಿಂದ ಇಎಸ್‌ಪಿಎನ್‌ನಲ್ಲಿ ಕೂಗಿದವರು. ಆದರೆ ಅವರು ಮೊದಲು ಕೋಚ್ ಆಗಿದ್ದವರು. ಕೂಗಿನ ಹಿಂದೆ ತಿಳಿವಳಿಕೆ ಇತ್ತು, ಆಟದ ಮೇಲೆ ಪ್ರೀತಿ ಇತ್ತು. ಅನುಕರಿಸೋರಿಗೆ ಕೂಗು ಮಾತ್ರ ಸುಲಭವಾಗಿ ಸಿಗುತ್ತೆ, ನೋಡಿ.

ನಾನು ಓದಿದ್ದು ಎಂಜಿನಿಯರಿಂಗ್. ಅಲ್ಲಿ ಸಿಗ್ನಲ್ ಎಷ್ಟು, ನಾಯ್ಸ್ ಎಷ್ಟು ಅಂತ ಅಳೀತೀವಿ. ನಾಯ್ಸ್ ಹೆಚ್ಚಿದ್ದರೆ ಬರೀ ವಾಲ್ಯೂಮ್ ಏರಿಸಿ ಪ್ರಯೋಜನ ಇಲ್ಲ, ಎರಡೂ ಒಟ್ಟಿಗೇ ಏರುತ್ತೆ. ಡಿಜಿಟಲ್ ಟಿವಿ ಬಂದ ಮೇಲೆ ಚಿತ್ರ ಕೆಲವು ಸೆಕೆಂಡ್ ತಡವಾಗಿ ಬರುತ್ತೆ. ರೇಡಿಯೋದಲ್ಲಿ ಬ್ಯಾಸ್ಕೆಟ್ ಬಿದ್ದಾಗಿರುತ್ತೆ, ಟಿವಿಯಲ್ಲಿ ಹುಡುಗ ಇನ್ನೂ ಓಡ್ತಿರ್ತಾನೆ! ಆದರೂ ಜನ ಎರಡನ್ನೂ ಹೇಗೋ ಹೊಂದಿಸಿಕೊಂಡು ಕೇಳ್ತಾರೆ. ನಂಬಿಕೆಯ ದನಿಗಾಗಿ ಜನ ಅಷ್ಟು ಕಷ್ಟಪಡ್ತಾರೆ.

ಈಗ ನನ್ನ ವಿಷಯ. ಕಳೆದ ಹಬ್ಬಕ್ಕೆ ಊರಿಗೆ ಹೋಗಿದ್ದೆ. ಟಿವಿಯಲ್ಲಿ ನನ್ನದೇ ಕಾರ್ಯಕ್ರಮದ ಮರುಪ್ರಸಾರ. ಮ್ಯೂಟ್‌ನಲ್ಲಿತ್ತು. 'ಯಾಕಮ್ಮಾ?' ಅಂದೆ. 'ನಿನ್ನ ಮುಖ ನೋಡ್ಬೇಕು ಅನ್ಸತ್ತೆ ಕಣೋ, ಅದಕ್ಕೆ ಹಾಕ್ತೀನಿ. ನೀನು ಕೂಗೋದು ತಡೆಯಕ್ಕಾಗಲ್ಲ' ಅಂದ್ರು ಅಮ್ಮ. ನಗ್ತಾನೇ ಅಂದ್ರು. ನನಗೆ ನಗು ಬರಲಿಲ್ಲ. ಚಿತ್ರದಲ್ಲಿ ಕಾಣೋದನ್ನೇ ನಾನು ಕೂಗಿ ಹೇಳ್ತಿದ್ದೆ. ಕಾಣದೇ ಇರೋದನ್ನ, ಅಂದ್ರೆ ಯಾಕಾಯ್ತು, ಮುಂದೇನು ಅನ್ನೋದನ್ನ, ಹೇಳ್ತಿದ್ದದ್ದು ಎಷ್ಟು?

ವುಡಿ ಡರ್ಹಮ್ ಅವರಿಗೆ ಕೊನೆಗೆ ಮಾತನ್ನೇ ಕಸಿಯುವ ಮಿದುಳಿನ ಕಾಯಿಲೆ ಬಂತು. 40 ವರ್ಷ ಮಾತಿನಿಂದಲೇ ಬದುಕಿದವರಿಗೆ ಮಾತು ಸಿಗದಾಯ್ತು. 2018ರಲ್ಲಿ ತೀರಿಕೊಂಡರು. ಮಾತು ನಮ್ಮ ಸ್ವಂತ ಆಸ್ತಿಯಲ್ಲ, ಒಂದು ದಿನ ವಾಪಸ್ ಕೊಡಬೇಕು. ಇರೋವಾಗ ಹಾಳು ಮಾಡೋದು ಬೇಡ.

ರಿಮೋಟ್ ನಿಮ್ಮ ಕೈಲಿದೆ. ನಾನು ಮತ್ತೆ ಅರಚಿದರೆ ಮ್ಯೂಟ್ ಒತ್ತಿ. ನಮ್ಮಮ್ಮ ಒತ್ತೇ ಒತ್ತುತ್ತಾರೆ.