ನೀರುಗಂಟಿಗಳ ತರಬೇತಿ: ಹಲಗೆಯಿಂದ ಟ್ಯಾಂಕಿನ ಬುಡಕ್ಕೆ



ನೀರುಗಂಟಿಗಳಿಗೆ ಕ್ಲೋರಿನೀಕರಣ ಕಲಿಸಲು ಮೊದಲ ಬಾರಿ ನಿಯುಕ್ತರಾದ ತರಬೇತುದಾರರಲ್ಲಿ ವಿಷಯಜ್ಞಾನದ ಕೊರತೆ ಅಪರೂಪ. ಸಾವಿರ ಲೀಟರಿಗೆ ಉತ್ತಮ ಬ್ಲೀಚಿಂಗ್ ಪುಡಿ ಸುಮಾರು 2.5 ಗ್ರಾಂ, ಅಂದರೆ 50,000 ಲೀಟರಿನ ಓವರ್‌ಹೆಡ್ ಟ್ಯಾಂಕಿಗೆ 125 ಗ್ರಾಂ. ಈ ಲೆಕ್ಕವನ್ನು ಅವರು ಹಲಗೆಯ ಮೇಲೆ ಚೆನ್ನಾಗಿಯೇ ಬರೆಯುತ್ತಾರೆ. ಕುಳಿತವರು ತಲೆಯಾಡಿಸುತ್ತಾರೆ. ಮರುದಿನ ಟ್ಯಾಂಕಿಗೆ ಬೀಳುವುದು ಮತ್ತದೇ ಒಂದು ಹಿಡಿ ಪುಡಿ.

ಆದುದರಿಂದ ಪಾಠವು ಆ ಹಿಡಿಯಿಂದಲೇ ಆರಂಭವಾಗತಕ್ಕದ್ದು. ಪ್ರತಿಯೊಬ್ಬರೂ ಕೈಗವಸು ತೊಟ್ಟು, ತಾವು ನಿತ್ಯ ಹಾಕುವಷ್ಟು ಪುಡಿಯನ್ನು ತಕ್ಕಡಿಗೆ ಸುರಿಯಲಿ. ಒಬ್ಬರ ಹಿಡಿ ಇನ್ನೊಬ್ಬರದಕ್ಕೆ ಹೊಂದದಿರುವುದನ್ನು ಕಣ್ಣಾರೆ ಕಂಡ ಬಳಿಕ ಲೆಕ್ಕವನ್ನು ಅವರೇ ಕೇಳುತ್ತಾರೆ. ವರ್ಷಗಟ್ಟಲೆ ಪಂಪು ನಡೆಸಿದವರ ಮುಂದೆ, ಅವರ ಅನುಭವವನ್ನು ವಿಚಾರಿಸದೆ ಉಪನ್ಯಾಸಕ್ಕಿಳಿಯುವುದು ಉಚಿತವೂ ಅಲ್ಲ. ಪುಡಿಯನ್ನು ಬಕೆಟ್ಟಿನ ನೀರಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿನೀರನ್ನಷ್ಟೇ ಟ್ಯಾಂಕಿಗೆ ಸೇರಿಸುವ ಕೆಲಸವೂ ಕಲಿಯುವವರ ಕೈಯಿಂದಲೇ ಆಗಬೇಕು. ಅವರು ತಡವರಿಸಿದಾಗ ಬಕೆಟ್ಟನ್ನು ಕಸಿದುಕೊಳ್ಳದೆ ಸುಮ್ಮನೆ ನಿಲ್ಲುವುದು ಹೊಸ ತರಬೇತುದಾರರಿಗೆ ಎಲ್ಲಕ್ಕಿಂತ ಕಷ್ಟದ ಅಭ್ಯಾಸ.

ತರಬೇತಿ ಫಲಿಸಿತೇ ಎಂಬುದನ್ನು ಹಾಜರಿ ಪುಸ್ತಕ ಹೇಳದು. ಊರಿನ ಕಟ್ಟಕಡೆಯ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇದೆಯೇ ಎಂದು ನೀರುಗಂಟಿಯೇ ಪರೀಕ್ಷಿಸಿ ತೋರಿಸಬೇಕು. ಇಲ್ಲವಾದರೆ ಪುಡಿ ತೇವಗೊಂಡು ಸತ್ವ ಕಳೆದುಕೊಂಡಿದೆಯೇ, ಕೊಳವೆ ಒಡೆದು ಚರಂಡಿ ನೀರು ಸೇರುತ್ತಿದೆಯೇ ಎಂಬ ಶೋಧನೆಯೇ ಮುಂದಿನ ಪಾಠ. ವಾಂತಿಭೇದಿ ಊರು ಹೊಗುವ ದಾರಿಯೂ ಇದೇ.

ಇಂತಹ ತರಗತಿಗೆ ಸಭಾಂಗಣ ಸಾಲದು. ಟ್ಯಾಂಕಿನ ಬುಡದಲ್ಲಿ ಅರ್ಧ ದಿನವಾದರೂ ಬೇಕು. ಆ ಹೊತ್ತಿನಲ್ಲಿ ಊರಿಗೆ ನೀರು ಬಿಡಲು ಬದಲಿ ವ್ಯಕ್ತಿಯನ್ನು ಗೊತ್ತುಪಡಿಸುವ ಹೊಣೆ ಪಂಚಾಯಿತಿಯದು. ನೀರುಗಂಟಿಯ ಆ ದಿನದ ವೇತನ ಕಡಿತವಾಗಬಾರದು.